ಇಸಿಲ: ರೋಮ್‌ಗೆ ಪ್ರಾಂತ್ಯಗಳೇ ಇಲ್ಲದಿದ್ದಾಗ ನಮ್ಮಲ್ಲಿದ್ದ ಒಂದು ಸಾಮ್ರಾಜ್ಯದ ಊರು



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ‘ಹಾಳುಬಿದ್ದ ಪ್ರಾಚೀನ ನಗರ’ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಬಹುಶಃ ಸಾಲುಸಾಲು ಕಲ್ಲಿನ ಕಂಬ, ಅರ್ಧ ಮುರಿದ ಕಮಾನು, ಮೆಟ್ಟಿಲು ಮೆಟ್ಟಿಲಾಗಿರೋ ರಂಗಮಂದಿರ, ಚಪ್ಪಡಿ ಹಾಸಿದ ರಸ್ತೆ. ಅಂದ್ರೆ ರೋಮ್. ನಮಗೆ ಗೊತ್ತಿಲ್ಲದೇನೇ ಹಾಳೂರು ಅನ್ನೋದರ ಚಿತ್ರ ನಮ್ಮ ತಲೆಯಲ್ಲಿ ರೋಮನ್ ಚಿತ್ರ ಆಗಿಬಿಟ್ಟಿದೆ.

ಒಂದು ಉದಾಹರಣೆ ತಗೊಳ್ಳಿ. ಅಲ್ಜೀರಿಯಾದಲ್ಲಿ ಟಿಮ್‌ಗಾಡ್ ಅಂತ ಒಂದು ಜಾಗ ಇದೆ. ಕ್ರಿ.ಶ. 100ರಲ್ಲಿ ಟ್ರಾಜನ್ ಚಕ್ರವರ್ತಿ ತನ್ನ ನಿವೃತ್ತ ಸೈನಿಕರಿಗೋಸ್ಕರ ಕಟ್ಟಿಸಿದ ಊರು. ರಾಜಧಾನಿಯಿಂದ ಸಮುದ್ರ ದಾಟಿ ಹೋಗಬೇಕಾದ ಒಂದು ಪ್ರಾಂತ್ಯದ ಪಟ್ಟಣ. ಚದುರಂಗದ ಮಣೆ ಥರ ನೇರ ಬೀದಿಗಳು, ಸುಮಾರು 3,500 ಜನ ಕೂರಬಹುದಾದ ರಂಗಮಂದಿರ, ಸ್ನಾನಗೃಹಗಳು, ಒಂದು ಗ್ರಂಥಾಲಯ ಕೂಡ. ಜನ ಊರು ಬಿಟ್ಟ ಮೇಲೆ ಮರಳು ಮುಚ್ಚಿಕೊಳ್ತು. 1765ರಲ್ಲಿ ಜೇಮ್ಸ್ ಬ್ರೂಸ್ ಅನ್ನೋ ಸ್ಕಾಟ್ಲೆಂಡ್‌ನ ಪ್ರವಾಸಿ ಅಲ್ಲಿಗೆ ಹೋದ. 1881ರಿಂದ ಫ್ರೆಂಚರು ಅಗೆಯೋಕೆ ಶುರು ಮಾಡಿದ್ರು. ಇವತ್ತು ಮೇಲಿನಿಂದ ತೆಗೆದ ಫೋಟೋ ನೋಡಿದ್ರೆ ಇಡೀ ಊರಿನ ನಕ್ಷೆ ಹಾಗೇ ಕಾಣುತ್ತೆ.

ಸರಿ, ನಮ್ಮಲ್ಲಿ ಇಂಥದ್ದು ಇದೆಯಾ? ನಮ್ಮ ಹಾಸನ ಜಿಲ್ಲೆಯವರನ್ನ ಕೇಳಿದ್ರೆ ಉತ್ತರ ರೆಡಿ ಇರುತ್ತೆ: ಬೇಲೂರು, ಹಳೇಬೀಡು. ನಮ್ಮ ದೋಣಿಗಲ್ ಸುತ್ತಮುತ್ತಲಿನವರು ಮಂಜರಾಬಾದ್ ಕೋಟೆ ಅಂತಾರೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ವೀಕೆಂಡ್ ಬಂದ್ರೆ ಹೆದ್ದಾರಿ ಪಕ್ಕ ಕಾರುಗಳ ಸಾಲು. ಇವೆಲ್ಲ ನಿಜವಾಗಿಯೂ ದೊಡ್ಡ ಜಾಗಗಳೇ. ಆದ್ರೆ ನಾನು ಕೇಳ್ತಿರೋ ಪ್ರಶ್ನೆ ಸ್ವಲ್ಪ ಬೇರೆ. ರಾಜಧಾನಿ ಅಲ್ಲ, ದೇವಸ್ಥಾನ ಅಲ್ಲ, ಕೋಟೆನೂ ಅಲ್ಲ. ಎಲ್ಲೋ ಸಾವಿರ ಮೈಲಿ ದೂರದಲ್ಲಿ ರಾಜಧಾನಿ ಇರೋ ಒಂದು ಸಾಮ್ರಾಜ್ಯ, ಅದರ ಅಧಿಕಾರಿಗಳು ಪೋಸ್ಟಿಂಗ್ ಮೇಲೆ ಬಂದು ಕೂತಿರೋ, ಮೇಲಿನಿಂದ ಆದೇಶ ಬರೋ ಒಂದು ಪ್ರಾಂತ್ಯದ ಊರು. ಅಂಥದ್ದು?

ಇದೆ. ಹೆಸರು ಇಸಿಲ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು. ಚಿನ್ನಹಗರಿ ಹೊಳೆ ಸೀಮೆಯ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಅನ್ನೋ ಬಂಡೆಗಲ್ಲಿನ ಬೆಟ್ಟ ಇದೆ. ಇಸಿಲ ಇದ್ದದ್ದು ಅದರ ಬುಡದಲ್ಲಿ. ಅಲ್ಲಿ ಹೋಗಿ ನಿಂತ್ರೆ ಕಮಾನಿಲ್ಲ, ರಂಗಮಂದಿರವಿಲ್ಲ, ಕಂಬಗಳ ಸಾಲಿಲ್ಲ. ಬಂಡೆ, ಹೊಲ, ಗಿಡಗಂಟಿ, ಮಡಕೆ ಚೂರು, ನೆಲದಲ್ಲಿ ಹುಗಿದ ಕಲ್ಲು ಚಪ್ಪಡಿಗಳು. ಇಷ್ಟೇ. ಇದು ನಗರ ಅಂತ ನಮಗೆ ಗೊತ್ತಾಗಿದ್ದು ಹೇಗೆ? ಒಂದು ಸರ್ಕಾರಿ ಸುತ್ತೋಲೆಯಿಂದ.

ಈ ಕಥೆ ಹಾಸನ ಜಿಲ್ಲೆಯನ್ನೂ ಮುಟ್ಟುತ್ತೆ, ಹೇಗೆ ಅಂತ ಹೇಳ್ತೀನಿ. ಶ್ರವಣಬೆಳಗೊಳ ನಿಮಗೆಲ್ಲ ಗೊತ್ತು. ಮೌರ್ಯ ಚಂದ್ರಗುಪ್ತ ರಾಜ್ಯ ಬಿಟ್ಟು ಭದ್ರಬಾಹು ಮುನಿಗಳ ಜೊತೆ ಇಲ್ಲಿಗೆ ಬಂದ, ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಮಾಡಿದ ಅಂತ ಜೈನ ಪರಂಪರೆ ಹೇಳುತ್ತೆ. ಅದಕ್ಕೇ ಆ ಬೆಟ್ಟಕ್ಕೆ ಚಂದ್ರಗಿರಿ ಅಂತ ಹೆಸರು. ಆದ್ರೆ ಈ ಪ್ರಸಂಗವನ್ನ ಮುಟ್ಟೋ ಅಲ್ಲಿನ ಅತ್ಯಂತ ಹಳೆಯ ಶಾಸನ ಸುಮಾರು ಕ್ರಿ.ಶ. 600ರದ್ದು. ನಾನು ಬಿ.ಕಾಂ. ಓದಿದವನು, ಹಾಗಾಗಿ ನನಗೆ ಇದು ಹೀಗೆ ಕಾಣುತ್ತೆ: ವ್ಯವಹಾರ ನಡೆದು ಸುಮಾರು ಒಂಬೈನೂರು ವರ್ಷ ಆದ ಮೇಲೆ ಬರೆದ ವೋಚರ್. ಸುಳ್ಳು ಅಂತಲ್ಲ. ಆದ್ರೆ ಆಡಿಟರ್ ಇನ್ನೊಂದು ದಾಖಲೆ ಕೇಳ್ತಾನೆ.

ಆಗಿನ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು ಬಿ.ಎಲ್. ರೈಸ್. ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನ ಅವರು 1889ರಲ್ಲಿ ಪ್ರಕಟಿಸಿದ್ರು. ಮೌರ್ಯರು ನಿಜವಾಗಿ ಇಷ್ಟು ದಕ್ಷಿಣಕ್ಕೆ ಬಂದಿದ್ರಾ ಅನ್ನೋದು ಆಗ ವಿದ್ವಾಂಸರ ನಡುವೆ ಜಗಳದ ವಿಷಯ. 1892ರಲ್ಲಿ ಇದೇ ರೈಸ್ ಮೊಳಕಾಲ್ಮೂರು ಸೀಮೆಯಲ್ಲಿ ಮೂರು ಬಂಡೆಗಳ ಮೇಲೆ ಬ್ರಾಹ್ಮಿ ಲಿಪಿಯ ಬರಹ ಪತ್ತೆ ಮಾಡಿದ್ರು. ಒಂದು ಬ್ರಹ್ಮಗಿರಿಯಲ್ಲಿ, ಒಂದು ಸಿದ್ದಾಪುರದಲ್ಲಿ, ಇನ್ನೊಂದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಮೂರೂ ಅಶೋಕನವು.

ಊರಿನವರಿಗೆ ಆ ಬಂಡೆಗಳು ಹೊಸದೇನೂ ಆಗಿರಲಿಲ್ಲ. ಬ್ರಹ್ಮಗಿರಿಯ ಬಂಡೆಗೆ ಅಕ್ಷರಗುಂಡು ಅಂತಲೇ ಕರೀತಿದ್ರು. ಜಟಿಂಗ ರಾಮೇಶ್ವರದ ಬಂಡೆ ಬಳೆಗಾರರ ಗುಂಡು. ಜಾತ್ರೆ ಟೈಮಲ್ಲಿ ಬಳೆ ಮಾರೋರು ಅದರ ಮೇಲೆ ಅಂಗಡಿ ಹಾಕ್ತಿದ್ರು. ಅದರಿಂದ ಅಕ್ಷರಗಳು ಸಾಕಷ್ಟು ಸವೆದೂ ಹೋಗಿವೆ. ಅಕ್ಷರ ಇದೆ ಅಂತ ಜನಕ್ಕೆ ಗೊತ್ತಿತ್ತು, ಓದೋಕೆ ಬರ್ತಿರಲಿಲ್ಲ ಅಷ್ಟೆ. ಬ್ರಾಹ್ಮಿಯನ್ನ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿದ ಮೇಲೇನೇ ಯಾರಿಗಾದ್ರೂ ಓದೋಕೆ ಸಾಧ್ಯ ಆಗಿದ್ದು.

ಈಗ ಆ ಬಂಡೆ ಏನು ಹೇಳುತ್ತೆ ಅಂತ ನೋಡಿ. ಭಾಷೆ ಪ್ರಾಕೃತ. ಅಶೋಕನ ಬೇರೆ ಎಷ್ಟೋ ಬಂಡೆಗಳಲ್ಲಿ ದೊರೆಯ ಮಾತು ನೇರ ಶುರುವಾಗುತ್ತೆ. ಇಲ್ಲಿ ಹಾಗಲ್ಲ, ಮೊದಲು ಆಫೀಸ್ ಪತ್ರದ ತಲೆಬರಹ ಇದೆ. ಸುವರ್ಣಗಿರಿಯಿಂದ, ಅಲ್ಲಿನ ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಂತೆ, ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಹೀಗೆ ತಿಳಿಸತಕ್ಕದ್ದು ಅನ್ನೋ ಅರ್ಥದಲ್ಲಿ ಶುರುವಾಗುತ್ತೆ. ಆಮೇಲೆ ದೇವಾನಾಂಪ್ರಿಯನ ಆಜ್ಞೆ.

ಈ ಒಂದು ತಲೆಬರಹದಲ್ಲಿ ಇಡೀ ಆಡಳಿತದ ಏಣಿ ಇದೆ. ಮೇಲೆ ಪಾಟಲಿಪುತ್ರದಲ್ಲಿ ಚಕ್ರವರ್ತಿ. ಅವನ ಕೆಳಗೆ ಸುವರ್ಣಗಿರಿಯಲ್ಲಿ ರಾಜಕುಮಾರ, ಅವನ ಜೊತೆ ಹಿರಿಯ ಅಧಿಕಾರಿಗಳು, ಅಂದ್ರೆ ಪ್ರಾಂತ್ಯದ ರಾಜಧಾನಿ. ಅದರ ಕೆಳಗೆ ಇಸಿಲದಲ್ಲಿ ಮಹಾಮಾತ್ರರು, ಅಂದ್ರೆ ಈಗಿನ ಲೆಕ್ಕದಲ್ಲಿ ಜಿಲ್ಲಾ ಮಟ್ಟದ ಅಧಿಕಾರಿಗಳು. ‘ಇವರಿಂದ, ಇವರಿಗೆ, ಕುಶಲವೇ, ವಿಷಯ’ ಅಂತ ಇವತ್ತಿಗೂ ನಮ್ಮ ತಾಲ್ಲೂಕು ಕಚೇರಿಗೆ ಬರೋ ಪತ್ರದ ಸ್ವರೂಪ ಇದೇ ತಾನೇ? ಸುವರ್ಣಗಿರಿ ಎಲ್ಲಿತ್ತು ಅನ್ನೋದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಕೊಪ್ಪಳದ ಕನಕಗಿರಿ ಅಂತ ಕೆಲವರು, ಆಂಧ್ರದ ಜೊನ್ನಗಿರಿ ಅಂತ ಕೆಲವರು. ಹೆಸರಲ್ಲೇ ಚಿನ್ನ ಇದೆ. ಹಟ್ಟಿಯ ಚಿನ್ನದ ಸೀಮೆಯೂ ಇದೇ ಕಡೆ ಇರೋದ್ರಿಂದ ಮೌರ್ಯರಿಗೆ ದಕ್ಷಿಣದ ಮೇಲೆ ಯಾಕೆ ಕಣ್ಣಿತ್ತು ಅನ್ನೋದನ್ನ ಊಹಿಸೋದು ಕಷ್ಟ ಅಲ್ಲ.

ಆಜ್ಞೆಯ ಒಳಗೆ ಏನಿದೆ? ತಾನು ಉಪಾಸಕನಾಗಿ ಎರಡೂವರೆ ವರ್ಷ ಮೇಲಾಯ್ತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಿರಲಿಲ್ಲ, ಆಮೇಲೆ ಚೆನ್ನಾಗಿ ಪ್ರಯತ್ನ ಪಟ್ಟೆ ಅಂತ ಅಶೋಕ ಹೇಳ್ಕೊಳ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರೂ ಪ್ರಯತ್ನಪಟ್ರೆ ಸಿಗುತ್ತೆ ಅಂತಾನೆ. ಗಡಿಯಾಚೆಯವರಿಗೂ ಇದು ತಿಳೀಲಿ ಅಂತಾನೆ. ಇಸಿಲದಲ್ಲಿ ಈ ಮಾತಿಗೆ ತೂಕ ಇದೆ, ಯಾಕಂದ್ರೆ ಇದು ನಿಜವಾಗಿಯೂ ಗಡಿ. ಇಲ್ಲಿಂದ ದಕ್ಷಿಣಕ್ಕೆ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರು. ಅವರೆಲ್ಲ ಹೊರಗಿನವರು ಅಂತ ಅಶೋಕನ ಬೇರೆ ಶಾಸನಗಳೇ ಹೇಳುತ್ವೆ. ಕೊನೆಯ ಭಾಗದಲ್ಲಿ ತಂದೆತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಶಿಷ್ಯರು ಗುರುಗಳನ್ನ ಗೌರವಿಸಲಿ, ಬಂಧುಗಳ ಜೊತೆ ಸರಿಯಾಗಿ ನಡ್ಕೊಳ್ಳಿ, ಇದು ಹಿಂದಿನಿಂದ ಬಂದ ನಡತೆ ಅನ್ನೋ ಉಪದೇಶ.

ಕೊನೇಲಿ ಒಂದು ಸಹಿ ಇದೆ. ಬರೆದವನ ಹೆಸರು ಚಪಡ. ‘ಲಿಪಿಕಾರನಿಂದ’ ಅನ್ನೋ ಅರ್ಥದ ಆ ಒಂದೇ ಒಂದು ಪದವನ್ನ ಅವನು ಬ್ರಾಹ್ಮಿಯಲ್ಲಿ ಬರೀದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯೋ ಲಿಪಿ. ಅದು ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಅಂದ್ರೆ ಇವತ್ತಿನ ಪೇಶಾವರದ ಸುತ್ತ. ಮೊಳಕಾಲ್ಮೂರಿನಲ್ಲಿ ಅದನ್ನ ಓದೋರು ಯಾರಿದ್ರು? ಚಪಡ ಆ ಕಡೆಯವನೇ ಇರಬಹುದು, ಅಥವಾ ಅಲ್ಲಿ ಕೆಲಸ ಕಲಿತವನಿರಬಹುದು. ಏನೇ ಆಗ್ಲಿ, ವರ್ಗಾವಣೆ ಮೇಲೆ ದೇಶದ ಇನ್ನೊಂದು ತುದಿಗೆ ಬಂದ ಒಬ್ಬ ನೌಕರನ ಗುರುತು ಹಾಗೆ ಕಲ್ಲಿನ ಮೇಲೆ ಉಳಿದಿದೆ. ಕರ್ನಾಟಕದ ನೆಲದಲ್ಲಿ ತನ್ನ ಹೆಸರು ಬರೆದಿಟ್ಟು ಹೋದ ಅತ್ಯಂತ ಹಳೆಯ ವ್ಯಕ್ತಿಗಳಲ್ಲಿ ಇವನು ಒಬ್ಬ. ರಾಜ ಅಲ್ಲ, ಗುಮಾಸ್ತ.

ಊರಿನ ಹೆಸರಿನ ಬಗ್ಗೆಯೂ ಒಂದು ಮಾತು. ಪತ್ರ ಪ್ರಾಕೃತದಲ್ಲಿದ್ರೂ ‘ಇಸಿಲ’ ಅನ್ನೋದು ಕನ್ನಡದ ಪದ, ಬಾಣ ಎಸೆಯೋದು, ಬಿಡೋದು ಅನ್ನೋ ಅರ್ಥದ ಧಾತುವಿನಿಂದ ಬಂದದ್ದು ಅಂತ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ಯರು ಹೇಳಿದ್ರು. ಇದನ್ನ ಒಪ್ಪೋದಾದ್ರೆ ಮೇಲಿನಿಂದ ಬಂದ ಕಾಗದದಲ್ಲಿ ವಿಳಾಸದ ಜಾಗದಲ್ಲಿ ಮಾತ್ರ ನಮ್ಮ ಭಾಷೆ ಇದೆ.

ಈಗ ಟೈಮ್ ಲೆಕ್ಕ ಹಾಕೋಣ. ಈ ಶಾಸನ ಸುಮಾರು ಕ್ರಿ.ಪೂ. 258ರ ಆಸುಪಾಸಿನದು ಅಂತ ಇತಿಹಾಸಕಾರರು ಹೇಳ್ತಾರೆ. ಆಗ ರೋಮ್ ಏನ್ ಮಾಡ್ತಿತ್ತು? ಕಾರ್ತೇಜ್ ಜೊತೆ ಮೊದಲನೇ ಪ್ಯೂನಿಕ್ ಯುದ್ಧ ಮಾಡ್ತಿತ್ತು. ಆ ಯುದ್ಧ ಮುಗಿದಿದ್ದು ಕ್ರಿ.ಪೂ. 241ರಲ್ಲಿ. ಅದರಿಂದ ಸಿಕ್ಕಿದ ಸಿಸಿಲಿಯೇ ರೋಮ್‌ನ ಮೊಟ್ಟಮೊದಲ ಪ್ರಾಂತ್ಯ. ಅಂದ್ರೆ ಇಸಿಲದ ಅಧಿಕಾರಿಗಳಿಗೆ ಸುತ್ತೋಲೆ ಬಂದಾಗ ರೋಮ್‌ಗೆ ಒಂದೇ ಒಂದು ಪ್ರಾಂತ್ಯವೂ ಇರಲಿಲ್ಲ. ಟಿಮ್‌ಗಾಡ್ ಹುಟ್ಟೋಕೆ ಇನ್ನೂ ಮುನ್ನೂರೈವತ್ತು ವರ್ಷ ಇತ್ತು.

ಇದನ್ನ ನಾವು ಮೊದಲು, ಅವರು ಆಮೇಲೆ ಅಂತ ಬೀಗೋಕೆ ಹೇಳ್ತಿಲ್ಲ. ಮೌರ್ಯರು ನಮಗೂ ಹೊರಗಿನವರೇ. ಹೇಳೋಕೆ ಕಾರಣ ಬೇರೆ ಇದೆ. ಮುಂದೆ ಇಸಿಲವನ್ನ ಅಗೆದಾಗ ಅದಕ್ಕೆ ವಯಸ್ಸು ಕಟ್ಟಿದ್ದು ರೋಮ್‌ನ ಗಡಿಯಾರ ಇಟ್ಕೊಂಡು. ಆ ಗಡಿಯಾರ ನಮ್ಮ ಪೂರ್ವಿಕರ ಬಗ್ಗೆ ಒಂದು ತಪ್ಪು ಚಿತ್ರವನ್ನ ಬಹಳ ಕಾಲ ಉಳಿಸಿತು. ಅದನ್ನ ಈಗ ನೋಡೋಣ.

1944ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಮುಖ್ಯಸ್ಥರಾಗಿ ಬಂದವರು ಮಾರ್ಟಿಮರ್ ವೀಲರ್. ಅವರ ಹಿಂದಿನ ಕೆಲಸ ಏನು? ಇಂಗ್ಲೆಂಡ್‌ನಲ್ಲಿ ವೆರುಲೇಮಿಯಂ ಅನ್ನೋ ರೋಮನ್ ಪಟ್ಟಣವನ್ನ 1930ರ ದಶಕದ ಮೊದಲ ವರ್ಷಗಳಲ್ಲಿ ಪತ್ನಿ ಟೆಸ್ಸಾ ಜೊತೆ ಸೇರಿ ಅಗೆದಿದ್ರು. ರೋಮ್ ಸಾಮ್ರಾಜ್ಯದ ಬ್ರಿಟನ್ ಪ್ರಾಂತ್ಯದ ಊರು ಅದು. ಅಂದ್ರೆ ರೋಮನ್ ಪ್ರಾಂತ್ಯದ ಊರನ್ನ ಅಗೆದ ಕೈಯೇ ಇಸಿಲವನ್ನೂ ಅಗೆಯಿತು.

ವೀಲರ್ ಮುಂದೆ ಇದ್ದ ಸಮಸ್ಯೆ ಇದು. ದಕ್ಷಿಣ ಭಾರತದಲ್ಲಿ ಕಲ್ಲಿನ ಗೋರಿಗಳು, ಮಡಕೆಗಳು, ಕಲ್ಲಿನ ಕೊಡಲಿಗಳು ರಾಶಿರಾಶಿ ಸಿಗ್ತಿವೆ. ಯಾವುದಕ್ಕೂ ಇಸವಿ ಇಲ್ಲ. ಲೆಡ್ಜರ್ ಇದೆ, ಎಂಟ್ರಿ ಇದೆ, ತಾರೀಕಿನ ಕಾಲಂ ಖಾಲಿ. ಎಲ್ಲಾದ್ರೂ ಒಂದು ಕಡೆ ಒಂದು ಖಚಿತವಾದ ತಾರೀಕು ಸಿಕ್ಕಿದ್ರೆ ಅದರ ಮೇಲಿನದು ಆಮೇಲಿನದು, ಕೆಳಗಿನದು ಮುಂಚಿನದು ಅಂತ ಜೋಡಿಸ್ತಾ ಹೋಗಬಹುದು. ಆ ತಾರೀಕು ಅವರಿಗೆ ಸಿಕ್ಕಿದ್ದು 1945ರಲ್ಲಿ, ಪಾಂಡಿಚೇರಿ ಹತ್ತಿರದ ಅರಿಕಮೇಡುವಿನಲ್ಲಿ. ಅಲ್ಲಿ ಇಟಲಿಯಲ್ಲಿ ತಯಾರಾದ ಕೆಂಪು ಹೊಳಪಿನ ಮಡಕೆ ಸಿಕ್ತು. ಇಟಲಿಯಲ್ಲಿ ಅದರ ಕಾಲ ಗೊತ್ತಿತ್ತು, ಕ್ರಿ.ಶ. ಮೊದಲನೇ ಶತಮಾನದ ಆರಂಭ. ಅದೇ ಜಾಗದಲ್ಲಿ ತಳದಲ್ಲಿ ಸುತ್ತ ಸುತ್ತ ಸಣ್ಣ ಗೀರುಗಳಿರೋ ಇನ್ನೊಂದು ಜಾತಿಯ ನಯವಾದ ಮಡಕೆಯೂ ಸಿಕ್ತು.

1947ರಲ್ಲಿ ವೀಲರ್ ಬ್ರಹ್ಮಗಿರಿಗೆ ಬಂದ್ರು, ಜೊತೆಗೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೂ. ಈ ಎರಡೂ ಜಾಗಗಳಲ್ಲಿ ಅವರಿಗಿಂತ ಮುಂಚೆ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಕೆಲಸ ಮಾಡಿದ್ರು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಇದೇನು ವಿಚಿತ್ರ ಅಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೇ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ವು. ಪ್ರತಿ ವರ್ಷ ಐದು ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗ್ತಿದೆ ಅಂತ ರೋಮ್‌ನ ಲೇಖಕ ಪ್ಲಿನಿ ಗೊಣಗಿದ್ದು ಇದಕ್ಕೇ. ಈಗಿನ ಮಾತಲ್ಲಿ ಹೇಳೋದಾದ್ರೆ ವ್ಯಾಪಾರ ಕೊರತೆ.

ಬ್ರಹ್ಮಗಿರಿಯ ಗುಂಡಿಗಳಲ್ಲಿ ವೀಲರ್‌ಗೆ ಮೂರು ಪದರ ಕಂಡವು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿ ಬಳಸ್ತಿದ್ದ ಜನ. ಅದರ ಮೇಲೆ ಕಬ್ಬಿಣ ಬಳಸ್ತಿದ್ದ, ಕಪ್ಪು-ಕೆಂಪು ಮಡಕೆಯ, ಬೃಹತ್ ಶಿಲಾ ಗೋರಿಗಳ ಜನ. ಅದರ ಮೇಲೆ ಶಾತವಾಹನರ ಕಾಲದ ಪಟ್ಟಣ. ಈ ಮೇಲಿನ ಪದರದಲ್ಲಿ ಅರಿಕಮೇಡುವಿನ ಆ ಗೀರು ಮಡಕೆ ಸಿಕ್ತು. ಸರಿ, ಇದು ಕ್ರಿ.ಶ. ಮೊದಲನೇ ಶತಮಾನ ಅಂತ ಅವರು ಮೊಳೆ ಹೊಡೆದ್ರು. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕಿದ್ರು. ಗೋರಿಗಳ ಜನ ಕ್ರಿ.ಪೂ. 200ರಿಂದ ಕ್ರಿ.ಶ. 50ರವರೆಗೆ. ಕಲ್ಲುಕೊಡಲಿಯ ಜನ ಅದಕ್ಕೂ ಮುಂಚೆ, ಕ್ರಿ.ಪೂ. 200ರವರೆಗೆ.

ಈ ಲೆಕ್ಕದ ಅರ್ಥ ಏನು ಅಂತ ಸ್ವಲ್ಪ ನಿಂತು ಯೋಚನೆ ಮಾಡಿ. ಅಶೋಕನ ಪತ್ರ ಬಂದದ್ದು ಕ್ರಿ.ಪೂ. 258ರ ಹೊತ್ತಿಗೆ. ವೀಲರ್ ಲೆಕ್ಕದ ಪ್ರಕಾರ ಆಗ ಬ್ರಹ್ಮಗಿರಿಯಲ್ಲಿ ಇದ್ದವರು ಕಲ್ಲುಕೊಡಲಿ ಹಿಡಿದ ಜನ. ಅಂದ್ರೆ ಉತ್ತರದಿಂದ ಚಕ್ರವರ್ತಿ ಅಕ್ಷರ, ಆಡಳಿತ, ಧರ್ಮ ಕಳಿಸ್ತಾನೆ. ಇಲ್ಲಿ ಅದನ್ನ ಕೇಳಿಸ್ಕೊಳ್ಳೋಕೆ ಶಿಲಾಯುಗದವರು ಕೂತಿದ್ದಾರೆ. ಕಬ್ಬಿಣ ಬಂದದ್ದೂ ಆಮೇಲೆ. ನಮ್ಮ ನಾಡಿನ ಇತಿಹಾಸ ಶುರುವಾಗೋದೇ ಹೊರಗಿನವರು ಬಂದ ಮೇಲೆ ಅನ್ನೋ ಚಿತ್ರ ಇದು.

ವೀಲರ್ ಕೆಲಸವನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಪದರಗಳ ಕ್ರಮ ಅವರು ಓದಿದ್ದು ಸರಿಯಾಗೇ ಇದೆ. ಮಣ್ಣಿನ ಬಣ್ಣ ನೋಡಿ ಪದರ ಪದರವಾಗಿ ಅಗೆಯೋ ಶಿಸ್ತನ್ನ ಇಲ್ಲಿನ ಒಂದು ಇಡೀ ತಲೆಮಾರಿಗೆ ಅವರು ಕಲಿಸಿದ್ರು. ಇಂಗಾಲದ ಅಂಶ ಅಳೆದು ವಯಸ್ಸು ಹೇಳೋ ವಿಧಾನ 1947ರಲ್ಲಿ ಬಳಕೆಗೇ ಬಂದಿರಲಿಲ್ಲ, ಬಂದದ್ದು 1949ರಲ್ಲಿ. ಅವರ ಕೈಲಿದ್ದ ಒಂದೇ ಗಡಿಯಾರ ರೋಮ್‌ನದ್ದು.

ಆದ್ರೆ ಆ ಗಡಿಯಾರದ ಒಂದು ತೊಂದರೆ ಯಾರಿಗಾದ್ರೂ ಅರ್ಥ ಆಗುತ್ತೆ. ನಾಣ್ಯ ಟಂಕಿಸಿದ ವರ್ಷಕ್ಕಿಂತ ಮುಂಚೆ ಅದು ಮಣ್ಣಿಗೆ ಬೀಳೋಕೆ ಸಾಧ್ಯ ಇಲ್ಲ, ಅದು ಖಾತ್ರಿ. ಆದ್ರೆ ಎಷ್ಟು ವರ್ಷ ಆಮೇಲೆ ಬಿತ್ತು ಅಂತ ಅದು ಹೇಳಲ್ಲ. ನಿಮ್ಮ ಮನೆ ಡಬ್ಬಿಯಲ್ಲಿ 1988ರ ಐವತ್ತು ಪೈಸೆ ಇವತ್ತಿಗೂ ಇರಬಹುದು. ಇನ್ನು ಆ ಗೀರು ಮಡಕೆ. ಅದು ರೋಮ್‌ನದ್ದಲ್ಲ, ನಮ್ಮ ಮಣ್ಣಿನದ್ದೇ, ವೀಲರ್ ಅಂದ್ಕೊಂಡದ್ದಕ್ಕಿಂತ ಮುಂಚಿನಿಂದಲೇ ಬಳಕೆಯಲ್ಲಿತ್ತು ಅಂತ ಆಮೇಲಿನ ಅಧ್ಯಯನಗಳು ತೋರಿಸಿದ್ವು. ಇದಕ್ಕಿಂತ ದೊಡ್ಡ ತೊಂದರೆ ಕೆಳಗಿನ ಪದರಗಳದ್ದು. ಮೇಲಿನ ಮೊಳೆ ಸರಿ ಇದ್ರೂ ಕೆಳಗಿನ ಪದರ ಎಷ್ಟು ಉದ್ದ ನಡೀತು ಅನ್ನೋದು ಅಂದಾಜೇ.

ಉತ್ತರ ಸಿಕ್ಕಿದ್ದು ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆದ್ರು. ಇದ್ದಿಲಿನ ಮಾದರಿಗಳನ್ನ ಪರೀಕ್ಷೆಗೆ ಕಳಿಸಿದಾಗ ಅಲ್ಲಿ ಕಬ್ಬಿಣ ಶುರುವಾದ ಕಾಲ ಸುಮಾರು ಕ್ರಿ.ಪೂ. 1000ಕ್ಕೆ ಹೋಯ್ತು. ಕಲ್ಲುಕೊಡಲಿಯ ಜನ ಅದಕ್ಕೂ ಬಹಳ ಹಿಂದಕ್ಕೆ ಹೋದ್ರು. ಈಗ ಇಸಿಲದ ಚಿತ್ರ ಪೂರ್ತಿ ತಿರುಗುತ್ತೆ. ಚಪಡ ಉಳಿ ಹಿಡಿದು ಬಂಡೆ ಮುಂದೆ ನಿಂತಾಗ ಈ ನಾಡಿನ ಜನ ಕಬ್ಬಿಣ ಕಾಯಿಸಿ ಬಡಿಯೋಕೆ ಶುರು ಮಾಡಿ ಏಳುನೂರು ವರ್ಷ ಆಗಿತ್ತು.

ಅವರು ಬಿಟ್ಟುಹೋದದ್ದು ಅದೇ ಬೆಟ್ಟದ ಸುತ್ತ ಇದೆ. ನೂರಾರು ಕಲ್ಲಿನ ಗೋರಿಗಳು. ನಾಲ್ಕು ದಪ್ಪ ಚಪ್ಪಡಿ ಒಂದಕ್ಕೊಂದು ಆನಿಸಿ ಪೆಟ್ಟಿಗೆ ಥರ ನಿಲ್ಲಿಸಿ, ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ ಕೊರೆದು, ಸುತ್ತ ಗುಂಡುಕಲ್ಲಿನ ವೃತ್ತ. ಸತ್ತವರ ಎಲುಬುಗಳನ್ನ ಆಮೇಲೆ ಆರಿಸಿ ತಂದು ಮಡಕೆ, ಕಬ್ಬಿಣದ ಸಾಮಾನಿನ ಜೊತೆ ಒಳಗಿಡ್ತಿದ್ರು. ಕಬ್ಬಿಣದ ಹತಾರವಿಲ್ಲದೆ, ಹತ್ತಾರು ಜನ ಒಟ್ಟಾಗಿ ದುಡಿಯದೆ ಇಂಥ ಕೆಲಸ ಆಗಲ್ಲ. ಸಾಮ್ರಾಜ್ಯ ಬಂದದ್ದು ಖಾಲಿ ಜಾಗಕ್ಕಲ್ಲ. ಹಿರಿಯರನ್ನ ಗೌರವಿಸಿ ಅಂತ ಸುತ್ತೋಲೆ ಬರೋ ಮುಂಚೆಯೇ ತಮ್ಮ ಹಿರಿಯರಿಗೆ ಟನ್‌ಗಟ್ಟಲೆ ಕಲ್ಲು ಎತ್ತಿ ನಿಲ್ಲಿಸಿದವರ ಊರಿಗೆ ಬಂತು.

ಹಾಗಾದ್ರೆ ಮತ್ತೆ ಮೊದಲ ಪ್ರಶ್ನೆ. ಟಿಮ್‌ಗಾಡ್ ಉಳಿದು ಇಸಿಲ ಯಾಕೆ ಉಳೀಲಿಲ್ಲ? ಅವರು ದೊಡ್ಡವರು, ನಾವು ಸಣ್ಣವರು ಅನ್ನೋದು ಉತ್ತರ ಅಲ್ಲ. ಟಿಮ್‌ಗಾಡ್ ಉಳಿದದ್ದು ಮುಖ್ಯವಾಗಿ ಅದರ ಮೇಲೆ ಇನ್ನೊಂದು ಊರು ಬೆಳೀಲಿಲ್ಲ, ಮರಳು ಮುಚ್ಚಿತು ಅನ್ನೋ ಕಾರಣಕ್ಕೆ. ವೀಲರ್ ಅಗೆದ ವೆರುಲೇಮಿಯಂ ನೋಡಿ. ಅದೂ ರೋಮನ್ನೇ. ಆದ್ರೆ ಪಕ್ಕದಲ್ಲಿ ಸೇಂಟ್ ಆಲ್ಬನ್ಸ್ ಊರು ಬೆಳೀತು. ಅಲ್ಲಿನ ದೊಡ್ಡ ಚರ್ಚನ್ನ ಕಟ್ಟಿದ್ದೇ ರೋಮನ್ ಇಟ್ಟಿಗೆ ಕಿತ್ತು ತಂದು. ಹಾಗಾಗಿ ಇವತ್ತು ನೆಲದ ಮೇಲೆ ಕಾಣೋದು ರಂಗಮಂದಿರದ ಬುಡ, ಒಂದಷ್ಟು ಗೋಡೆ, ಒಂದು ಚಿತ್ತಾರದ ನೆಲ, ಇಷ್ಟೇ. ನಮ್ಮ ಹಳೇಬೀಡನ್ನೇ ತಗೊಳ್ಳಿ. ಹೊಯ್ಸಳರ ರಾಜಧಾನಿ ದೋರಸಮುದ್ರ. ಕಲ್ಲಲ್ಲಿ ಕಟ್ಟಿದ ದೇವಸ್ಥಾನಗಳು, ಕೋಟೆಗೋಡೆಯ ಸಾಲು ಉಳಿದಿವೆ. ಜನ ವಾಸ ಮಾಡಿದ ಮನೆ, ಅಂಗಡಿ ಬೀದಿ ಎಲ್ಲಿ? ಅದು ಮಣ್ಣು, ಮರ, ಹುಲ್ಲು. ಮಣ್ಣಿಂದ ಬಂದದ್ದು ಮಣ್ಣಿಗೇ ಹೋಗುತ್ತೆ.

ಆದ್ರೆ ಮಣ್ಣಿಗೆ ಹೋದದ್ದು ಕಳೆದುಹೋಯ್ತು ಅಂತಲ್ಲ. ಮರದ ಕಂಬ ಕೊಳೆತರೂ ಅದನ್ನ ನೆಟ್ಟ ಗುಂಡಿಯ ಮಣ್ಣಿನ ಬಣ್ಣ ಬೇರೆ ಇರುತ್ತೆ. ಒಲೆಯ ಬೂದಿ ಒಂದು ಗೆರೆಯಾಗಿ ಉಳಿಯುತ್ತೆ. ಯಾವ ಚೂರು ಯಾವುದರ ಕೆಳಗಿತ್ತು ಅನ್ನೋದೇ ಇಂಥ ಊರಿನ ದಾಖಲೆ. ಹಳ್ಳೂರಿನ ಇದ್ದಿಲು ಚೂರು ನಮ್ಮ ಇತಿಹಾಸವನ್ನ ಏಳೆಂಟು ನೂರು ವರ್ಷ ಹಿಂದಕ್ಕೆ ತಳ್ಳಿತಲ್ಲ, ಅದು ಸಾಧ್ಯ ಆಗಿದ್ದು ಆ ಇದ್ದಿಲು ತಾನು ಬಿದ್ದ ಜಾಗದಲ್ಲೇ ಇತ್ತು ಅನ್ನೋ ಒಂದೇ ಕಾರಣಕ್ಕೆ. ಯಾರಾದ್ರೂ ಅದಕ್ಕಿಂತ ಹತ್ತು ವರ್ಷ ಮುಂಚೆ ನಿಧಿ ಹುಡುಕ್ತಾ ಅಲ್ಲಿ ಗುಂಡಿ ತೋಡಿದ್ದಿದ್ರೆ ಇದ್ದಿಲು ಇರ್ತಿತ್ತು, ಅರ್ಥ ಇರ್ತಿರಲಿಲ್ಲ.

ಇಲ್ಲೇ ಇವತ್ತಿನ ವಿಷಯ ಇರೋದು. ಕಾಣೋ ಹಾಳನ್ನ ಹೇಗೋ ಕಾಪಾಡ್ತೀವಿ. ಮಂಜರಾಬಾದ್ ಕೋಟೆ ಮೇಲೆ ಯಾರಾದ್ರೂ ಹೆಸರು ಗೀಚಿದ್ರೆ ಫೋಟೋ ವೈರಲ್ ಆಗುತ್ತೆ. ಬೇಲೂರು, ಹಳೇಬೀಡು 2023ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಅಂತ ಕೇಂದ್ರ ಸರ್ಕಾರದ ಕಾನೂನಿದೆ. 1958ರ ಕಾಯ್ದೆ, 2010ರಲ್ಲಿ ತಿದ್ದುಪಡಿ. ಆದ್ರೆ ಆ ಕಾನೂನು ಕೆಲಸ ಮಾಡೋದು ಪಟ್ಟಿಯಲ್ಲಿ ಹೆಸರಿರೋ ಜಾಗಕ್ಕೆ. ಹಾಳು ಅಂತ ಕಾಣದೇ ಇರೋ ಹಾಳಿಗೆ ಪಟ್ಟಿಗೆ ಸೇರೋ ಮುಂಚೆಯೇ ಜೆಸಿಬಿ ಬಂದುಬಿಡುತ್ತೆ. ಬೃಹತ್ ಶಿಲಾ ಗೋರಿಯ ಚಪ್ಪಡಿ ಒಳ್ಳೆ ಕಲ್ಲು. ಬದುವಿಗೆ ಆಗುತ್ತೆ, ಮನೆ ಮೆಟ್ಟಿಲಿಗೆ ಆಗುತ್ತೆ. ಕೆಟ್ಟ ಉದ್ದೇಶವೇ ಬೇಕಾಗಿಲ್ಲ.

ಕೊಪ್ಪಳದ ಹಿರೇಬೆಣಕಲ್‌ನಲ್ಲಿ ಇಂಥ ಕಲ್ಲುಮನೆಗಳಿರೋ ಬೆಟ್ಟಕ್ಕೆ ಮೋರ್ಯರ ಗುಡ್ಡ ಅಂತಾರೆ, ಕುಳ್ಳಗಿನ ಮೋರ್ಯರು ಕಟ್ಟಿದ್ದು ಅಂತ ಕಥೆ. ಕರ್ನಾಟಕದ ಎಷ್ಟೋ ಕಡೆ ಪಾಂಡವರ ಮನೆ ಅಂತಾರೆ. ಮೋರ್ಯರು, ಪಾಂಡವರು ಕಟ್ಟಿದ್ದು ಅನ್ನೋದು ಕಥೆಯೇ ಇರಬಹುದು. ಆದ್ರೆ ಆ ಹೆಸರಿಂದ ಒಂದು ಉಪಕಾರ ಆಗಿದೆ. ಇಲ್ಲಿ ಏನೋ ಇದೆ, ಕೈ ಹಚ್ಚಬಾರದು ಅನ್ನೋ ಭಯಭಕ್ತಿ ಆ ಕಲ್ಲುಗಳನ್ನ ಇಷ್ಟು ಕಾಲ ಕಾಪಾಡಿದೆ. ಅಕ್ಷರಗುಂಡು ಉಳಿದದ್ದೂ ಬಹುಶಃ ಹಾಗೇ. ಓದೋಕೆ ಬರದೇ ಇದ್ರೂ ಅದು ಅಕ್ಷರ ಅಂತ ಜನ ಗುರುತಿಟ್ಟುಕೊಂಡಿದ್ರು. ಈಗ ಭಯವೂ ಹೋಗ್ತಿದೆ, ಕಥೆಯೂ ಮರೀತಿದೆ. ಅದರ ಜಾಗಕ್ಕೆ ತಿಳುವಳಿಕೆ ಬರಬೇಕು.

ಅದಕ್ಕೇ ಸಕಲೇಶಪುರ, ಆಲೂರು ಕಡೆಯ ಕೇಳುಗರಿಗೆ ವಿಶೇಷವಾಗಿ ಒಂದು ಮಾತು. ನಿಮ್ಮ ತೋಟ, ಗದ್ದೆ, ಬಾಣೆಯಲ್ಲಿ ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳು, ವೃತ್ತವಾಗಿ ಇಟ್ಟ ಗುಂಡುಕಲ್ಲು, ಕಿಂಡಿ ಇರೋ ಕಲ್ಲು, ಅಥವಾ ನೆಲ ಸಮ ಮಾಡುವಾಗ ರಾಶಿ ಕಪ್ಪು-ಕೆಂಪು ಮಡಕೆ ಚೂರು ಕಂಡ್ರೆ ದಯವಿಟ್ಟು ಕೆಲಸ ಒಂದು ದಿನ ನಿಲ್ಲಿಸಿ. ಎತ್ತಬೇಡಿ, ತೊಳೆದು ಶೋಕೇಸಿಗೆ ಇಡಬೇಡಿ. ಇದ್ದ ಹಾಗೇ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೀರಿ. ರಾಜ್ಯ ಪುರಾತತ್ವ ಇಲಾಖೆಗೋ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ಹೇಳಿ. ಜಮೀನು ಹೋಗಿಬಿಡುತ್ತೆ ಅನ್ನೋ ಹೆದರಿಕೆ ಇರುತ್ತೆ, ನಿಜ. ಮೊದಲು ಕಂಡದ್ದು ಕಂಡ ಜಾಗದಲ್ಲಿ ದಾಖಲಾಗಲಿ. ಮಿಕ್ಕಿದ್ದನ್ನ ಆಮೇಲೆ ಮಾತಾಡಬಹುದು.

ಬ್ರಹ್ಮಗಿರಿಗೆ ಹೋಗೋರಿದ್ರೆ ಶಾಸನ ಮಾತ್ರ ನೋಡಿ ವಾಪಸ್ ಬರಬೇಡಿ. ಅಕ್ಷರ ಸ್ಪಷ್ಟ ಕಾಣಲಿ ಅಂತ ಸೀಮೆಸುಣ್ಣ ಉಜ್ಜಬೇಡಿ, ನೀರು ಹಾಕಬೇಡಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತಾನಾಗೇ ಕಾಣುತ್ತೆ. ಆಮೇಲೆ ತಿರುಗಿ ಬೆಟ್ಟದ ಬುಡದ ಕಡೆ ನೋಡಿ. ನಿಮ್ಮ ಬೆನ್ನ ಹಿಂದಿನ ಬಂಡೆಯಲ್ಲಿ ಇರೋದು ಊರಿಗೆ ಬಂದ ಪತ್ರ. ಆ ಊರು ಇರೋದು ಕಣ್ಣ ಮುಂದಿನ ಮಣ್ಣಿನಲ್ಲಿ, ಕಾಲ ಕೆಳಗೆ. ಪತ್ರವನ್ನ ಓದಿ ಮುಗಿಸಿ ನೂರಾ ಮೂವತ್ತು ವರ್ಷ ಆಯ್ತು. ಊರನ್ನ ಓದೋದು ಇನ್ನೂ ಬಹಳ ಬಾಕಿ ಇದೆ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಪಾಂಡವರ ಮನೆ ಕಥೆ ಇದ್ರೆ ಕಳಿಸಿ, ಮುಂದೆ ಒಂದು ಸಂಚಿಕೆ ಬರೀ ಅದಕ್ಕೇ ಮಾಡೋಣ.